ಪಾಠ 9: ಜೂಜಿನ ಗಾಳ



ಮೀನು ಹಿಡಿಯುವುದನ್ನು ನೀವು ನೋಡಿದ್ದೀರಿ. ಗಾಳದ ತುದಿಗೆ ಎರೆಹುಳು ಇರುತ್ತದೆ. ಮೀನಿಗೆ ಹುಳು ಕಾಣುತ್ತದೆ. ಒಳಗಿನ ಕೊಕ್ಕೆ ಕಾಣುವುದಿಲ್ಲ. ಜೂಜಿನ ಆಟವೂ ಹಾಗೆಯೇ. ಗೆಲುವು ಕಾಣುತ್ತದೆ. ಕೊಕ್ಕೆ ಕಾಣುವುದಿಲ್ಲ.

ಈ ಪಾಠದಲ್ಲಿ ನಾವು ಆ ಕೊಕ್ಕೆಯನ್ನು ಹುಡುಕೋಣ.

ಪಾಸ್‌ಬುಕ್ ಓದಿದ ಅಕ್ಕ

ನಾವು ಜೆ.ಪಿ. ನಗರದಲ್ಲಿ ಸಂಜೆ ಹೊತ್ತು ಕಲಿಕಾ ತರಗತಿ ನಡೆಸುತ್ತೇವೆ. ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ ಕಡೆಯಿಂದ ಅಕ್ಕಂದಿರು ಬರುತ್ತಾರೆ. ಕೆಲವರು ಮನೆಗೆಲಸ ಮಾಡುತ್ತಾರೆ. ಕೆಲವರು ಹೂ ಮಾರುತ್ತಾರೆ. ಕೆಲವರು ಹೊಲಿಗೆ ಹಾಕುತ್ತಾರೆ.

ಒಂದು ದಿನ ಒಬ್ಬ ಅಕ್ಕ ಬ್ಯಾಂಕ್ ಪಾಸ್‌ಬುಕ್ ತಂದರು. ಅದು ಗಂಡ ಹೆಂಡತಿ ಇಬ್ಬರ ಹೆಸರಿನ ಖಾತೆ. "ಇದನ್ನ ನಾನೇ ಓದ್ತೀನಿ ಮೇಡಂ, ತಪ್ಪಿದ್ರೆ ಹೇಳಿ" ಅಂದರು. ಬೆರಳಿಟ್ಟು ಓದತೊಡಗಿದರು. ಐವತ್ತು. ಐವತ್ತು. ಮತ್ತೆ ಐವತ್ತು. ಒಂದೇ ತಾರೀಖಿಗೆ 14 ಸಾಲು ಇತ್ತು. ಎಲ್ಲವೂ 50 ರೂಪಾಯಿ. ಎಲ್ಲವೂ ಖರ್ಚು. ಕೊನೆಗೆ ಒಂದು ಸಾಲು ಮಾತ್ರ ಜಮೆ, 200 ರೂಪಾಯಿ.

ಅಂದು ಗಂಡ ಮನೆಗೆ ಬಂದು, "ಇವತ್ತು ಫೋನ್ ಆಟದಲ್ಲಿ 200 ಗೆದ್ದೆ" ಅಂದಿದ್ದರಂತೆ. ಎಲ್ಲರಿಗೂ ಬೋಂಡ ತಂದಿದ್ದರಂತೆ.

ಅಕ್ಕ ಹಲಗೆಯ ಮೇಲೆ ಲೆಕ್ಕ ಬರೆದರು.

ಹೋದದ್ದು: 14 x 50 = 700 ರೂಪಾಯಿ
ಬಂದದ್ದು: 200 ರೂಪಾಯಿ
ನಷ್ಟ: 700 - 200 = 500 ರೂಪಾಯಿ

ಅದು ಮಗಳ ಶಾಲೆಯ ಶೂಗೆ ಅಂತ ಇಟ್ಟ ದುಡ್ಡು. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ನಮ್ಮತ್ತೆ ಹೇಳ್ತಾರೆ, ನೀನು ಕಾಲಿಟ್ಟ ಮೇಲೇ ಮನೆ ಹೀಗಾಯ್ತು ಅಂತ. ನನ್ನ ಕಾಲ್ಗುಣ ಕೆಟ್ಟದ್ದಾ ಮೇಡಂ?"

ಆ ಪ್ರಶ್ನೆಗೆ ಉತ್ತರ ಹುಡುಕಲು ನಾವು ಒಂದು ಆಟ ಆಡಿದೆವು.

ಹುಣಸೆ ಬೀಜದ ಆಟ

ಹತ್ತು ಜನ ಸುತ್ತ ಕೂತೆವು. ಪ್ರತಿಯೊಬ್ಬರ ಕೈಗೆ 20 ಹುಣಸೆ ಬೀಜ ಕೊಟ್ಟೆವು. ಡಬ್ಬಿಯಲ್ಲಿ 0 ರಿಂದ 9 ರವರೆಗೆ ಅಂಕಿ ಬರೆದ ಹತ್ತು ಚೀಟಿ ಹಾಕಿದೆವು. ನಮ್ಮಲ್ಲಿ ಒಬ್ಬರು ಏಜೆಂಟ್ ಆದರು.

ಪ್ರತಿ ಸುತ್ತಿಗೆ ಒಬ್ಬೊಬ್ಬರು ಒಂದೊಂದು ಅಂಕಿಯ ಮೇಲೆ ಒಂದು ಬೀಜ ಇಡಬೇಕು. ಒಬ್ಬರು ತೆಗೆದುಕೊಂಡ ಅಂಕಿ ಇನ್ನೊಬ್ಬರಿಗಿಲ್ಲ. ಚೀಟಿ ಎತ್ತಿದಾಗ ಬಂದ ಅಂಕಿಯವರಿಗೆ 8 ಬೀಜ. ಉಳಿದವರಿಗೆ ಏನೂ ಇಲ್ಲ.

ಏಜೆಂಟ್ ಕೈಗೆ ಬಂದದ್ದು 10 ಬೀಜ. ಕೊಟ್ಟದ್ದು 8. ಉಳಿಸಿಕೊಂಡದ್ದು 2. ಯಾವ ಅಂಕಿ ಬಂದರೂ ಅವರಿಗೆ 2 ಬೀಜ ಖಂಡಿತ. ಏಜೆಂಟ್ ದೇವರಿಗೆ ಹರಕೆ ಹೊರಬೇಕಾಗಿಲ್ಲ. ಅವರಿಗೆ ಅದೃಷ್ಟವೇ ಬೇಕಾಗಿಲ್ಲ.

ಮೊದಲು ನಿಧಾನವಾಗಿ ಆಡಿದೆವು. ಒಂದು ಸುತ್ತು ಆದ ಮೇಲೆ ಎಲ್ಲರೂ ಎದ್ದು ನೀರು ಕುಡಿದು ಬರಬೇಕು. ಅರ್ಧ ಗಂಟೆಯಲ್ಲಿ 5 ಸುತ್ತು ಆಯಿತು. ಏಜೆಂಟ್‌ಗೆ 10 ಬೀಜ ಸಿಕ್ಕಿತು. ಆಮೇಲೆ ಎಲ್ಲರಿಗೂ ಬೇಸರ ಬಂತು. "ಸಾಕು, ಓದೋಣ ಬನ್ನಿ" ಅಂದರು.

ಮಾರನೆ ದಿನ ಎಲ್ಲರಿಗೂ ಮತ್ತೆ 20 ಬೀಜ ಕೊಟ್ಟೆವು. ಅದೇ ಡಬ್ಬಿ, ಅದೇ ಚೀಟಿ, ಅದೇ ಬಹುಮಾನ. ಒಂದನ್ನು ಮಾತ್ರ ಬದಲಾಯಿಸಿದೆವು. ನಿಮಿಷಕ್ಕೆ ಒಂದು ಸುತ್ತು. ಯಾರೂ ಏಳಬಾರದು.

ಅರ್ಧ ಗಂಟೆಯಲ್ಲಿ 30 ಸುತ್ತು ಆಯಿತು. ಏಜೆಂಟ್‌ಗೆ 60 ಬೀಜ ಸಿಕ್ಕಿತು. ಯಾರಿಗೂ ಬೇಸರ ಬರಲಿಲ್ಲ! ಬೀಜ ಮುಗಿದವರು ಪಕ್ಕದವರ ಹತ್ತಿರ ಸಾಲ ಕೇಳಿದರು. 6 ಬಂದಾಗ 7 ಇಟ್ಟ ಅಕ್ಕ, "ಅಯ್ಯೋ, ಪಕ್ಕದಲ್ಲೇ ಹೋಯ್ತಲ್ಲ!" ಅಂತ ತೊಡೆ ತಟ್ಟಿಕೊಂಡರು. ಒಬ್ಬರು "ಕೊನೇದು, ಇನ್ನೊಂದೇ ಒಂದು" ಅಂತ ಮೂರು ಸಲ ಹೇಳಿದರು. ಸಮಯ ಆಯಿತು ಅಂದರೂ ಏಳಲಿಲ್ಲ.

ಬೀಜಕ್ಕೆ ಬೆಲೆ ಇಲ್ಲ. ಆದರೂ ಹೀಗಾಯಿತು.

ಆಗ ಪಾಸ್‌ಬುಕ್ ತಂದ ಅಕ್ಕ ಮೆಲ್ಲನೆ ಅಂದರು: "ನಿನ್ನೆ ನಾವೇ, ಇವತ್ತೂ ನಾವೇ. ಬದಲಾದದ್ದು ಆಟ."

ಇದೇ ಈ ಪಾಠದ ಮುಖ್ಯ ಮಾತು. ಚಟಕ್ಕೆ ಮನುಷ್ಯನ ಮನಸ್ಸು ಒಂದು ಕಾರಣ. ಆಟವನ್ನು ಕಟ್ಟಿದ ರೀತಿಯೂ ಒಂದು ಕಾರಣ. ಹೆಂಡತಿಯ ಕಾಲ್ಗುಣ ಇದರಲ್ಲಿ ಎಲ್ಲೂ ಇಲ್ಲ.

ಒಂದಂಕಿ ಲಾಟರಿಯ ಕಾಲ

ವಯಸ್ಸಾದವರಿಗೆ ನೆನಪಿರಬಹುದು. ಹಿಂದೆ ನಮ್ಮ ಬೆಂಗಳೂರಿನಲ್ಲಿ ಬಸ್ ನಿಲ್ದಾಣ, ಮಾರುಕಟ್ಟೆ, ಟೀ ಅಂಗಡಿ ಎಲ್ಲ ಕಡೆ ಲಾಟರಿ ಅಂಗಡಿ ಇದ್ದವು. ಹಳೆಯ ಲಾಟರಿಯ ಟಿಕೆಟ್ ಕೊಂಡರೆ ಫಲಿತಾಂಶಕ್ಕೆ ಬಹಳ ದಿನ ಕಾಯಬೇಕಿತ್ತು. ಪತ್ರಿಕೆ ನೋಡಬೇಕಿತ್ತು. ಅಷ್ಟರಲ್ಲಿ ಟಿಕೆಟ್ ಎಲ್ಲಿಟ್ಟೆವು ಅಂತಲೇ ಮರೆತುಹೋಗುತ್ತಿತ್ತು.

ಆಮೇಲೆ ಒಂದಂಕಿ ಲಾಟರಿ ಬಂತು. ಕೊನೆಯ ಒಂದು ಅಂಕಿ ಹೊಂದಿದರೆ ಸಾಕು, ಬಹುಮಾನ. ಫಲಿತಾಂಶ ಬೇಗ ಬರುತ್ತಿತ್ತು. ಕೂಲಿಯವರು ಟಿಕೆಟ್ ಕೊಂಡು ಅಂಗಡಿ ಮುಂದೆಯೇ ನಿಲ್ಲುತ್ತಿದ್ದರು. ಸೋತರೆ ಅಲ್ಲೇ ಇನ್ನೊಂದು ಟಿಕೆಟ್. ಕನಸಿನಲ್ಲಿ ಬಂದ ಅಂಕಿ, ಮಗು ಹುಟ್ಟಿದ ತಾರೀಖು, ಎದುರಿಗೆ ಬಂದ ಲಾರಿಯ ನಂಬರು, ಎಲ್ಲವೂ ಅದೃಷ್ಟದ ಅಂಕಿಯೇ. "ನಾನೇ ಆರಿಸಿದ ಅಂಕಿ, ಬಂದೇ ಬರುತ್ತೆ" ಅನ್ನೋ ನಂಬಿಕೆ. ಆದರೆ ಚೀಟಿಗೆ ನಮ್ಮ ಕನಸು ಗೊತ್ತಿಲ್ಲ. ಯಾರು ಆರಿಸಿದರೂ ಹತ್ತರಲ್ಲಿ ಒಂದೇ ಅವಕಾಶ.

ಸಂಬಳದ ದಿನ ಬರಿಗೈಲಿ ಮನೆಗೆ ಬಂದವರನ್ನು ಎಷ್ಟೋ ತಾಯಂದಿರು ಕಂಡರು.

1998ರಲ್ಲಿ ಸಂಸತ್ತು ಲಾಟರಿ ನಿಯಂತ್ರಣ ಕಾಯಿದೆ ಮಾಡಿತು. ಆ ಕಾಯಿದೆಯ ಎರಡು ಮಾತನ್ನು ಗಮನಿಸಿ.

ಒಂದು: ಒಂದೇ ಅಂಕಿಯ ಮೇಲೆ ಬಹುಮಾನ ಕೊಡಬಾರದು.
ಎರಡು: ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಬಾರದು.

ಕಾನೂನು ಮಾಡಿದವರು ಆಟದ ರೂಪಕ್ಕೇ ಕೈ ಹಾಕಿದರು. ಒಂದಂಕಿ ಬೇಡ, ಅವಸರ ಬೇಡ ಅಂದರು. ನಮ್ಮ ಹುಣಸೆ ಬೀಜದ ಆಟದಲ್ಲಿ ಕಂಡದ್ದೂ ಅದೇ. ಆದರೂ ಬೇರೆ ಬೇರೆ ಹೆಸರಿನ ಲಾಟರಿಗಳು ನಡೆದೇ ನಡೆದವು. ಕೊನೆಗೆ 2007ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಲಾಟರಿಯನ್ನೇ ನಿಲ್ಲಿಸಲಾಯಿತು. ಆಗ ಮುಖ್ಯಮಂತ್ರಿ ಆಗಿದ್ದವರು ಎಚ್.ಡಿ. ಕುಮಾರಸ್ವಾಮಿ.

ಫೋನಿನೊಳಗೆ ಬಂದ ಅಂಗಡಿ

ಲಾಟರಿ ಅಂಗಡಿ ಮುಚ್ಚಿತು. ಜೂಜು ಮುಚ್ಚಲಿಲ್ಲ. ಅದು ಫೋನಿನೊಳಗೆ ಬಂದು ಕೂತಿತು. ರಮ್ಮಿ, ಕ್ರಿಕೆಟ್ ಬೆಟ್ಟಿಂಗ್, ತಿರುಗುವ ಚಕ್ರ, ಬಣ್ಣ ಊಹಿಸುವ ಆಟ, ಹೀಗೆ ನೂರು ವೇಷ. ಗಂಡಸರು ಮಾತ್ರ ಅಲ್ಲ, ಹೆಂಗಸರೂ ಆಡುತ್ತಾರೆ. ಓದುವ ಮಕ್ಕಳೂ ಆಡುತ್ತಾರೆ. ಈ ಆಟಗಳಲ್ಲಿ ಐದು ಕೊಕ್ಕೆ ಇವೆ.

ಮೊದಲನೆ ಕೊಕ್ಕೆ: ವೇಗ. ಹಣ ಇಟ್ಟ ಕೆಲವೇ ಕ್ಷಣಕ್ಕೆ ಫಲಿತಾಂಶ ಬರುತ್ತದೆ. ಮತ್ತೆ ಒತ್ತು ಅನ್ನುವ ಗುಂಡಿ ಅಲ್ಲೇ ಇರುತ್ತದೆ. ಯೋಚನೆ ಮಾಡಲು ಬಿಡುವೇ ಇಲ್ಲ. ಸೋತ ಬೇಸರ ಮನಸ್ಸಿಗೆ ಇಳಿಯುವ ಮೊದಲೇ ಇನ್ನೊಂದು ಆಟ ಶುರು.

ಎರಡನೆ ಕೊಕ್ಕೆ: ಸ್ವಲ್ಪದರಲ್ಲಿ ತಪ್ಪಿತು. ಮೂರು ಚಿತ್ರ ಒಂದೇ ಆಗಬೇಕು. ಎರಡು ಸರಿಯಾಗಿ ನಿಲ್ಲುತ್ತವೆ. ಮೂರನೆಯದು ಇನ್ನೇನು ನಿಂತಿತು ಅನ್ನುವಾಗ ಜಾರುತ್ತದೆ. ಇದೂ ಸೋಲೇ. ಆದರೆ ಮನಸ್ಸಿಗೆ ಇದು ಗೆಲುವಿನ ಹತ್ತಿರ ಬಂದ ಹಾಗೆ ಅನಿಸುತ್ತದೆ. ಬಸ್ ಒಂದು ನಿಮಿಷದಲ್ಲಿ ತಪ್ಪಿದರೆ ನಾಳೆ ಬೇಗ ಹೊರಡಬಹುದು. ಅದು ಪಾಠ. ಚಕ್ರ ಸ್ವಲ್ಪದರಲ್ಲಿ ತಪ್ಪಿದರೆ ಕಲಿಯುವ ಪಾಠ ಏನೂ ಇಲ್ಲ.

ಮೂರನೆ ಕೊಕ್ಕೆ: ಸೋಲಿಗೆ ಗೆಲುವಿನ ವೇಷ. 50 ರೂಪಾಯಿ ಇಟ್ಟೆವು. 20 ರೂಪಾಯಿ ಬಂತು. ಫೋನಿನಲ್ಲಿ ಗಂಟೆ ಬಾರಿಸುತ್ತದೆ, ಹೂ ಉದುರುತ್ತದೆ, "ನೀವು ಗೆದ್ದಿರಿ" ಅನ್ನುತ್ತದೆ. ನಿಜಕ್ಕೂ 30 ರೂಪಾಯಿ ಹೋಗಿದೆ. ಗಂಟೆ ಬಾರಿಸಿದ್ದು ಯಾರಿಗಾಗಿ?

ನಾಲ್ಕನೆ ಕೊಕ್ಕೆ: ದುಡ್ಡು ದುಡ್ಡಿನ ಹಾಗೆ ಕಾಣುವುದಿಲ್ಲ. ಕೈಯಲ್ಲಿ ನೋಟು ಎಣಿಸಿ ಕೊಡುವಾಗ ಕರುಳು ಚುರುಕ್ ಅನ್ನುತ್ತದೆ. ಫೋನಿನಲ್ಲಿ ಅದು ನಾಣ್ಯದ ಚಿತ್ರ, ಅಂಕ, ವಜ್ರ ಆಗುತ್ತದೆ. ಮೊದಲಿಗೆ ಅವರೇ ಸ್ವಲ್ಪ ಹಣ ಹಾಕಿ ಆಡಲು ಬಿಡುತ್ತಾರೆ. ಅದು ಎರೆಹುಳು.

ಐದನೆ ಕೊಕ್ಕೆ: ಬಾಗಿಲು ಮುಚ್ಚುವುದಿಲ್ಲ. ಲಾಟರಿ ಅಂಗಡಿಯವನು ರಾತ್ರಿ ಬಾಗಿಲು ಹಾಕಿ ಮನೆಗೆ ಹೋಗುತ್ತಿದ್ದ. ಫೋನಿನ ಅಂಗಡಿ ನಡುರಾತ್ರಿಯೂ ದಿಂಬಿನ ಕೆಳಗೆ ತೆರೆದಿರುತ್ತದೆ. ಎರಡು ದಿನ ಆಡದಿದ್ದರೆ ಅದೇ ಕೂಗಿ ಕರೆಯುತ್ತದೆ.

ಇವೆಲ್ಲದರ ಬೇರು ಒಂದೇ. ಯಾವಾಗ ಸಿಗುತ್ತದೋ ಗೊತ್ತಿಲ್ಲ ಅನ್ನುವ ಆಸೆ. ಅಮೆರಿಕದಲ್ಲಿ ಸ್ಕಿನ್ನರ್ ಎಂಬ ವಿಜ್ಞಾನಿ ಇದ್ದರು. ಅವರು ಪಾರಿವಾಳಗಳನ್ನು ಇಟ್ಟು ನೋಡಿದರು. ಕೊಕ್ಕಿನಿಂದ ಗುಂಡಿ ಕುಕ್ಕಿದರೆ ಕಾಳು ಬೀಳುತ್ತದೆ. ಕೆಲವು ಸಲ ಬೀಳುತ್ತದೆ, ಕೆಲವು ಸಲ ಇಲ್ಲ, ಯಾವಾಗ ಅಂತ ಗೊತ್ತಿಲ್ಲ. ಹಾಗೆ ಮಾಡಿದಾಗ ಪಾರಿವಾಳ ಬಿಡದೆ ಕುಕ್ಕುತ್ತಲೇ ಇತ್ತು. ಕಾಳು ಪೂರಾ ನಿಂತ ಮೇಲೂ ಬಹಳ ಹೊತ್ತು ಕುಕ್ಕಿತು. ಮನುಷ್ಯರ ಮನಸ್ಸಿಗೂ ಈ ಗುಣ ಇದೆ. ಆಟ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು.

ಆಡಿದವರೆಲ್ಲ ಚಟಕ್ಕೆ ಬೀಳುವುದಿಲ್ಲ, ನಿಜ. ಆದರೆ ಕೊಕ್ಕೆ ಹೆಚ್ಚಿದಷ್ಟೂ ಬೀಳುವವರು ಹೆಚ್ಚುತ್ತಾರೆ. ಸಾಲ ಇದ್ದವರು, ದುಃಖದಲ್ಲಿ ಇರುವವರು, ಚಿಕ್ಕ ವಯಸ್ಸಿನವರು ಇನ್ನೂ ಬೇಗ ಬೀಳುತ್ತಾರೆ.

ಧರ್ಮರಾಯನ ಕಥೆ

ಮಹಾಭಾರತದ ಕಥೆ ನಮಗೆಲ್ಲ ಗೊತ್ತು. ಧರ್ಮರಾಯ ಕೆಟ್ಟವನೇ? ಅಲ್ಲ. ಬುದ್ಧಿ ಇಲ್ಲದವನೇ? ಅಲ್ಲ. ಆದರೂ ಪಗಡೆಗೆ ಕೂತವನು ಏಳಲಿಲ್ಲ. ಸಂಪತ್ತು ಹೋಯಿತು, ರಾಜ್ಯ ಹೋಯಿತು, ತಮ್ಮಂದಿರು ಹೋದರು. ಕೊನೆಗೆ ದ್ರೌಪದಿಯನ್ನೇ ಪಣಕ್ಕಿಟ್ಟ. ಸೋತದ್ದೆಲ್ಲ ವಾಪಸ್ ಸಿಕ್ಕಿದ ಮೇಲೂ ಕರೆದಾಗ ಎರಡನೆ ಸಲ ಆಡಲು ಬಂದ.

ಕಳೆದದ್ದನ್ನು ಆಡಿಯೇ ತರುತ್ತೇನೆ ಅನ್ನುವುದು ಚಟದ ದೊಡ್ಡ ಗುರುತು. ಆಡಿಸುವ ಶಕುನಿಗೆ ಈ ಗುಟ್ಟು ಗೊತ್ತಿತ್ತು. ಬೆಲೆ ತೆತ್ತವಳು ದ್ರೌಪದಿ. ಇಂದಿಗೂ ಎಷ್ಟೋ ಮನೆಯಲ್ಲಿ ಬೆಲೆ ತೆರುವವರು ಹೆಂಗಸರೇ. ತಾಳಿ ಸರ ಗಿರವಿ ಹೋಗುತ್ತದೆ. ಸಂಘದ ಸಾಲದ ಕಂತು ತಪ್ಪುತ್ತದೆ. ಅದರ ಮೇಲೆ ಬೈಗುಳ ಬೇರೆ.

ಕಾನೂನು ಏನು ಹೇಳುತ್ತದೆ?

2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ಮಾಡಿ, ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಹೊಸ ಕಾಯಿದೆ ಮಾಡಿತು. ಆನ್‌ಲೈನ್‌ನಲ್ಲಿ ಹಣದ ಆಟ ಆಡಿಸುವುದು, ಅದರ ಜಾಹೀರಾತು ಕೊಡುವುದು ತಪ್ಪು ಅಂತ ಅದು ಹೇಳುತ್ತದೆ. ಆ ಕಾಯಿದೆಯಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ. ಆಡಿ ಸೋತವರಿಗೆ ಅಲ್ಲ. ಆದ್ದರಿಂದ ಹೆದರಿ ಮುಚ್ಚಿಡಬೇಡಿ. ಸಹಾಯ ಕೇಳಿ.

ಕಾನೂನು ಇದ್ದರೂ ಕಳ್ಳ ದಾರಿ ಇರುತ್ತದೆ. ಯಾರೋ ಕಳಿಸಿದ ಲಿಂಕ್ ಒತ್ತಿದರೆ ಆಟ ಫೋನಿಗೆ ಇಳಿಯುತ್ತದೆ. ಅಂಥ ಆಟದಲ್ಲಿ ಗೆದ್ದ ಹಣವೂ ಕೈಗೆ ಬರುತ್ತದೆ ಅನ್ನುವ ನಂಬಿಕೆ ಇಲ್ಲ.

ಬೇರೆ ದೇಶಗಳೂ ಆಟದ ಕೊಕ್ಕೆ ಮುರಿಯಲು ನೋಡಿವೆ. ನಾರ್ವೆ ಎಂಬ ದೇಶ 2007ರಲ್ಲಿ ಹಳೆಯ ಜೂಜಿನ ಯಂತ್ರಗಳನ್ನು ತೆಗೆಸಿತು. ಆಮೇಲೆ ತಂದ ಯಂತ್ರದಲ್ಲಿ ದಿನಕ್ಕೆ ಇಷ್ಟೇ ಸೋಲಬಹುದು ಅನ್ನುವ ಮಿತಿ ಇಟ್ಟಿತು. ಬ್ರಿಟನ್ 2021ರಲ್ಲಿ ಇನ್ನೊಂದು ನಿಯಮ ಮಾಡಿತು. ಆನ್‌ಲೈನ್ ಚಕ್ರದ ಆಟದಲ್ಲಿ ಒಂದು ಸುತ್ತಿಗೆ ಕಡಿಮೆ ಎಂದರೂ ಎರಡೂವರೆ ಸೆಕೆಂಡ್ ಇರಬೇಕು. ವೇಗಕ್ಕೆ ಕಡಿವಾಣ ಹಾಕಿದ್ದು ಯಾಕೆ ಅಂತ ಈಗ ನಿಮಗೆ ಗೊತ್ತು.

ನಾವು ಏನು ಮಾಡಬಹುದು?

ಜೂಜಿನ ಚಟ ಒಂದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಕಾಯಿಲೆಗೆ ಆಣೆ ಪ್ರಮಾಣ ಸಾಲದು. ಚಿಕಿತ್ಸೆ ಬೇಕು.

1. ಪಾಸ್‌ಬುಕ್ ತಿಂಗಳಿಗೆ ಒಂದು ಸಲ ಬರೆಸಿ ತನ್ನಿ. ನೀವೇ ಓದಿ. ಹೋದದ್ದು, ಬಂದದ್ದು ಎರಡನ್ನೂ ಕೂಡಿ. ಗೆದ್ದ ಲೆಕ್ಕ ಬಾಯಲ್ಲಿ ಇರುತ್ತದೆ. ಸೋತ ಲೆಕ್ಕ ಪಾಸ್‌ಬುಕ್‌ನಲ್ಲಿ ಇರುತ್ತದೆ.

2. ನಿಮ್ಮ ದುಡಿಮೆಯ ಹಣ ನಿಮ್ಮ ಹೆಸರಿನ ಖಾತೆಯಲ್ಲಿ ಇರಲಿ. ಗುಟ್ಟಿನ ನಂಬರು ಯಾರಿಗೂ ಹೇಳಬೇಡಿ.

3. ಕೊಕ್ಕೆ ಮುರಿಯಿರಿ. ಆಟವನ್ನು ಫೋನಿನಿಂದ ತೆಗೆಸಿ. ಫೋನಿನಿಂದ ದಿನಕ್ಕೆ ಎಷ್ಟು ಹಣ ಕಳಿಸಬಹುದು ಅನ್ನುವ ಮಿತಿಯನ್ನು ಕಡಿಮೆ ಮಾಡಿಸಲು ಬ್ಯಾಂಕಿನಲ್ಲಿ ಕೇಳಿ. ಇದೆಲ್ಲ ಮನೆಯವರ ಒಪ್ಪಿಗೆಯಿಂದ ಆದರೆ ಹೆಚ್ಚು ದಿನ ಉಳಿಯುತ್ತದೆ.

4. ಜೂಜಿನ ಸಾಲ ತೀರಿಸಲು ಆಡುವವರ ಕೈಗೆ ಹಣ ಕೊಡಬೇಡಿ. ಕೊಡಲೇಬೇಕಾದರೆ ಸಾಲ ಕೊಟ್ಟವರಿಗೆ ನೇರವಾಗಿ ಕೊಟ್ಟು ಬರೆಸಿಕೊಳ್ಳಿ. ಫೋನಿನಲ್ಲಿ ಸಿಗುವ ದಿಢೀರ್ ಸಾಲ ಬೇಡವೇ ಬೇಡ.

5. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಾದರೂ "ಬದುಕಿ ಏನು ಪ್ರಯೋಜನ" ಅಂದರೆ ಅದನ್ನು ತಮಾಷೆ ಅಂದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಕೂಡಲೇ ಫೋನ್ ಮಾಡಿ.

6. ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ ನಮ್ಮ ಜೆ.ಪಿ. ನಗರಕ್ಕೆ ದೂರವಲ್ಲ. ಮೊಬೈಲ್, ಇಂಟರ್‌ನೆಟ್ ಚಟಕ್ಕೆ ಅಂತಲೇ ನಿಮ್ಹಾನ್ಸ್‌ನವರು 2014ರಲ್ಲಿ ಶಟ್ ಕ್ಲಿನಿಕ್ ಶುರು ಮಾಡಿದರು. ಅಲ್ಲಿಗೆ ಹೋದರೆ ಹುಚ್ಚು ಅಂತ ಅರ್ಥವಲ್ಲ. ಹಲ್ಲು ನೋವಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿಲ್ಲವೇ? ಇದೂ ಹಾಗೆಯೇ.

7. ಯಾರಾದರೂ ಫೋನಿನಲ್ಲಿ ಮೋಸ ಮಾಡಿ ಹಣ ಎಳೆದುಕೊಂಡರೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಅಕ್ಕ ಏನು ಮಾಡಿದರು?

ಪಾಸ್‌ಬುಕ್ ತಂದ ಅಕ್ಕ ಆ ರಾತ್ರಿ ಜಗಳ ಮಾಡಲಿಲ್ಲ. ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡರು. ಹುಣಸೆ ಬೀಜ ಸುರಿದರು. ನಾವು ಆಡಿದ ಹಾಗೆಯೇ ಆಡಿ ತೋರಿಸಿದರು. ಏಜೆಂಟ್ ತಾವೇ ಆದರು. ಆಮೇಲೆ ಪಾಸ್‌ಬುಕ್ ಇಟ್ಟು 14 ಸಾಲನ್ನೂ ಗಟ್ಟಿಯಾಗಿ ಓದಿದರು. ಸೊಸೆ ಓದುವುದನ್ನು ಅತ್ತೆ ಮೊದಲ ಸಲ ಕೇಳಿದರು. ಕಾಲ್ಗುಣದ ಮಾತು ಮತ್ತೆ ಬರಲಿಲ್ಲ.

ಗಂಡ ಒಂದೇ ದಿನಕ್ಕೆ ಬಿಡಲಿಲ್ಲ. ಒಂದು ಸಲ ಬಿಟ್ಟು ಮತ್ತೆ ಹಿಡಿದರು. ಆಗ ಇಬ್ಬರೂ ಕೂತು 14416ಕ್ಕೆ ಫೋನ್ ಮಾಡಿದರು. ಈಗ ಡಾಕ್ಟರ ಹತ್ತಿರ ಹೋಗಿ ಬರುತ್ತಿದ್ದಾರೆ. ಮಗಳಿಗೆ ಶೂ ಬಂದಿದೆ. ಸಾಲ ಇನ್ನೂ ಇದೆ. ಅಕ್ಕ ಅದರ ಲೆಕ್ಕವನ್ನು ತಾವೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದಾರೆ.

ಓದಿ, ಬರೆಯಿರಿ

ಜೂಜು, ಚಟ, ಗಾಳ, ಕೊಕ್ಕೆ, ಖಾತೆ, ಜಮೆ, ಖರ್ಚು, ನಷ್ಟ, ಕಾಯಿದೆ, ಮಿತಿ

ಲೆಕ್ಕ ಮಾಡಿ

1. ಒಬ್ಬರು 20 ರೂಪಾಯಿಯ ಆಟ 12 ಸಲ ಆಡಿದರು. ಒಂದು ಸಲ 100 ರೂಪಾಯಿ ಬಂತು. ಅವರಿಗೆ ಲಾಭವೋ ನಷ್ಟವೋ? ಎಷ್ಟು?

2. ಹುಣಸೆ ಬೀಜದ ಆಟದಲ್ಲಿ ಸುತ್ತಿಗೆ 2 ಬೀಜ ಏಜೆಂಟ್‌ಗೆ ಉಳಿಯುತ್ತದೆ. 50 ಸುತ್ತು ಆಡಿದರೆ ಎಷ್ಟು ಉಳಿಯುತ್ತದೆ?

ಉತ್ತರ ಹೇಳಿ

1. ಎರಡು ದಿನದ ಬೀಜದ ಆಟದಲ್ಲಿ ಬದಲಾದದ್ದು ಏನು?
2. 1998ರ ಕಾಯಿದೆ ಒಂದಂಕಿ ಬೇಡ ಅಂದದ್ದು ಯಾಕೆ?
3. ಟೆಲಿ ಮಾನಸ್ ಸಹಾಯವಾಣಿಯ ನಂಬರು ಯಾವುದು? ಅದನ್ನು ಐದು ಸಲ ಬರೆಯಿರಿ. ಒಂದು ಚೀಟಿಯಲ್ಲಿ ಬರೆದು ಅಡುಗೆ ಮನೆಯ ಗೋಡೆಗೆ ಅಂಟಿಸಿ.

ಕೂತು ಮಾತಾಡಿ

ನಿಮ್ಮ ಬೀದಿಯಲ್ಲಿ ಯಾರಾದರೂ ಜೂಜಿನಿಂದ ಕಷ್ಟದಲ್ಲಿ ಇದ್ದಾರೆಯೇ? ಅವರ ಹೆಸರು ಹೇಳಬೇಡಿ. ಅವರ ಮನೆಯ ಹೆಂಗಸರಿಗೆ ನಿಮ್ಮ ಸಂಘ ಹೇಗೆ ನೆರವಾಗಬಹುದು? ಎಲ್ಲರೂ ಒಂದೊಂದು ಮಾತು ಹೇಳಿ.